ಥಟ್ ಅಂತ ಹೇಳಿದ ಮೇಲೆ ಏನು?

‘ಥಟ್ ಅಂತ ಹೇಳಿ’ ಈಗ ಮೊದಲಿನ ಹಾಗಿಲ್ಲ ಎಂಬ ಮಾತನ್ನು ಶ್ರೀರಾಂಪುರದ ನಮ್ಮ ಸುತ್ತಮುತ್ತ ಬಹಳ ಸಲ ಕೇಳಿದ್ದೇನೆ. ಹಾಗೆ ಹೇಳುವವರಲ್ಲಿ ಅನೇಕರು ಆ ಕಾರ್ಯಕ್ರಮ ನೋಡುವುದನ್ನು ಬಿಟ್ಟು ವರ್ಷಗಳಾಗಿವೆ ಎಂಬುದು ಬೇರೆ ವಿಷಯ. ಪ್ರಶ್ನೆಗಳು ಸಪ್ಪೆಯಾಗಿವೆ, ಕೇಳಿದ್ದನ್ನೇ ತಿರುಗಿಸಿ ಕೇಳುತ್ತಾರೆ, ಬರುವ ಸ್ಪರ್ಧಿಗಳಿಗೆ ಓದಿನ ಹಿನ್ನೆಲೆ ಸಾಲದು, ಇಷ್ಟು ವರ್ಷವಾದರೂ ಅದೇ ಧಾಟಿ ಎಂದೆಲ್ಲ ದೂರುಗಳಿವೆ. ಖಾಸಗಿ ವಾಹಿನಿಗಳ ಅತ್ತೆ-ಸೊಸೆ ಧಾರಾವಾಹಿಗಳ ಗುಣಮಟ್ಟ ಕುಸಿಯಿತೆಂದು ಯಾರೂ ಹೀಗೆ ಕೊರಗುವುದಿಲ್ಲ. ಅವುಗಳಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಈ ಒಂದು ಕಾರ್ಯಕ್ರಮದ ಬಗ್ಗೆ ಜನ ಬೇಸರಪಟ್ಟುಕೊಳ್ಳುತ್ತಾರೆಂದರೆ ಅದು ಅವರ ಮನೆಯ ಮಕ್ಕಳ ಓದಿಗೆ ಸಂಬಂಧಪಟ್ಟದ್ದಾಗಿತ್ತು. ಆದ್ದರಿಂದ ದೂರನ್ನು ತಳ್ಳಿಹಾಕುವ ಬದಲು ಸ್ವಲ್ಪ ಪರಿಶೀಲಿಸಿ ನೋಡಬೇಕು.

ಬೆಂಗಳೂರು ದೂರದರ್ಶನದ ಚಂದನ ವಾಹಿನಿಯಲ್ಲಿ ಇದು ಶುರುವಾದದ್ದು 2002ರ ಜನವರಿ 4ರಂದು. ನಡೆಸಿಕೊಡುವವರು ಡಾ. ನಾ. ಸೋಮೇಶ್ವರ, ಓದಿನಿಂದ ವೈದ್ಯರು, ಕನ್ನಡದಲ್ಲಿ ಆರೋಗ್ಯ ಮತ್ತು ವಿಜ್ಞಾನ ಬರೆದವರು. ಮೂವರು ಸ್ಪರ್ಧಿಗಳು, ಒಂದು ಪ್ರಶ್ನೆ, ಉತ್ತರ, ಉತ್ತರದ ಹಿಂದೆಯೇ ಒಂದು ವಿವರಣೆ. ಉತ್ತರ ಸರಿಯಾದರೆ ಒಂದು ಕನ್ನಡ ಪುಸ್ತಕ. ಇಷ್ಟೇ ಬಂಡವಾಳ. ಈ ಬಂಡವಾಳದಲ್ಲಿ ಅದು 3,000 ಕಂತುಗಳನ್ನು ದಾಟಿತು, ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸೇರಿತು. ಭಾರತದ ಯಾವ ಭಾಷೆಯ ಟಿ.ವಿ.ಯಲ್ಲೇ ಆಗಲಿ, ಒಬ್ಬರೇ ನಿರೂಪಕರು ಇಷ್ಟು ಕಾಲ ಒಂದೇ ಕ್ವಿಜ್ ನಡೆಸಿರುವುದು ಅಪರೂಪದಲ್ಲಿ ಅಪರೂಪ.

ಇದು ಮಕ್ಕಳ ಕಾರ್ಯಕ್ರಮವಲ್ಲವಲ್ಲ ಎಂದು ಕೇಳಬಹುದು. ನಿಜ, ಹಾಗೆಂದು ಅದರ ಮೇಲೆ ಬರೆದಿಲ್ಲ. ದೊಡ್ಡವರೂ ಬರುತ್ತಾರೆ, ನಿವೃತ್ತರೂ ಬರುತ್ತಾರೆ. ಆದರೆ ಮಕ್ಕಳಿಗೆಂದೇ ಇರಬೇಕಾಗಿದ್ದ ಜಾಗ ಕನ್ನಡದ ಟಿ.ವಿ.ಯಲ್ಲಿ ಖಾಲಿ ಬಿದ್ದಿತ್ತು, ಇದು ಹೋಗಿ ಅಲ್ಲಿ ಕೂತಿತು. ಆ ಜಾಗ ಹೇಗೆ ಖಾಲಿಯಾಯಿತು ಎನ್ನುವುದನ್ನು ತಿಳಿಯದೆ ಈ ಕಾರ್ಯಕ್ರಮಕ್ಕೆ ಅಂಕ ಕೊಡುವುದು ನ್ಯಾಯವಾಗಲಾರದು.

ಕನ್ನಡದ ಮಕ್ಕಳಿಗೆ ಟಿ.ವಿ. ಮೊದಲು ಬಂದದ್ದು ಪಾಠವಾಗಿಯೇ. ಅದೂ ಬೆಂಗಳೂರಿಗಲ್ಲ, ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸಿದ ‘ಸೈಟ್’ ಪ್ರಯೋಗದಲ್ಲಿ ಬೆಳಿಗ್ಗೆ 22½ ನಿಮಿಷ ಶಾಲಾ ಮಕ್ಕಳಿಗೆಂದೇ ಮೀಸಲಾಗಿತ್ತು. ಹಿಂದಿ, ಒರಿಯಾ, ತೆಲುಗಿನ ಜೊತೆ ಕನ್ನಡದಲ್ಲೂ ಆ ಪಾಠಗಳಿದ್ದವು. ಬೆಂಗಳೂರಿಗೆ ತನ್ನದೇ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್ 1ರಂದು, ಅಂದರೆ ಕಲ್ಯಾಣ ಕರ್ನಾಟಕದ ಹಳ್ಳಿಯ ಮಗು ಉಪಗ್ರಹದ ಪಾಠ ನೋಡಿ ಐದು ವರ್ಷವಾದ ಮೇಲೆ! ಆಮೇಲಿನ ದಶಕಗಳಲ್ಲಿ ಕನ್ನಡದವರು ಮಕ್ಕಳಿಗಾಗಿ ಒಳ್ಳೆಯ ಟಿ.ವಿ. ಮಾಡಲಿಲ್ಲ ಎಂದಲ್ಲ. ಮಾಡಿದರು, ಬೇರೆ ಭಾಷೆಯಲ್ಲಿ. ಶಂಕರ್‌ನಾಗ್ ಆಗುಂಬೆಯಲ್ಲಿ ಕೂತು ತೆಗೆದ ‘ಮಾಲ್ಗುಡಿ ಡೇಸ್’ ಮಾತನಾಡಿದ್ದು ಹಿಂದಿಯನ್ನು. ಗಿರೀಶ ಕಾರ್ನಾಡರು ದೇಶದ ಮಕ್ಕಳಿಗೆ ವಿಜ್ಞಾನವನ್ನು ಮನೆಯ ಮಾತಾಗಿಸಿದ ‘ಟರ್ನಿಂಗ್ ಪಾಯಿಂಟ್’ ಕೂಡ ಕನ್ನಡದ್ದಲ್ಲ.

ಇದರ ಮೇಲೆ ಡಬ್ಬಿಂಗ್ ವಿರೋಧ. ಕನ್ನಡ ಚಿತ್ರೋದ್ಯಮದ ಆತಂಕಗಳಿಗೆ ಅವುಗಳದ್ದೇ ಕಾರಣಗಳಿದ್ದವು, ಆ ಚರ್ಚೆ ಇಲ್ಲಿ ಬೇಡ. ಪರಿಣಾಮವನ್ನಷ್ಟೇ ಹೇಳುತ್ತೇನೆ. ಶ್ರೀರಾಂಪುರದಲ್ಲಿ ಒಂದೇ ವಠಾರದ ಎರಡು ಮನೆಗಳನ್ನು ತೆಗೆದುಕೊಳ್ಳಿ. 2011ರ ಹೊತ್ತಿಗೆ ತಮಿಳು ಮಾತನಾಡುವ ಮನೆಯ ಹುಡುಗ ಡಿಸ್ಕವರಿಯಲ್ಲಿ ತಿಮಿಂಗಿಲವನ್ನೂ ಜ್ವಾಲಾಮುಖಿಯನ್ನೂ ತನ್ನ ಭಾಷೆಯಲ್ಲೇ ನೋಡುತ್ತಿದ್ದ. ಗೋಡೆಯಾಚೆಯ ಕನ್ನಡದ ಹುಡುಗಿಗೆ ಅದೇ ತಿಮಿಂಗಿಲ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಿಗುತ್ತಿತ್ತು. 2009ರಲ್ಲಿ ‘ಚಿಂಟು’ ವಾಹಿನಿ ಬಂದು ಕಾರ್ಟೂನುಗಳಿಗೆ ಕನ್ನಡ ಕಲಿಸಿತು; ಅದು ಸಣ್ಣ ಉಪಕಾರವಲ್ಲ, ಆದರೆ ಅಲ್ಲಿಯ ಮಾಲು ಹೊರಗಿನದು. 2012ರಲ್ಲಿ ಆಮೀರ್ ಖಾನರ ‘ಸತ್ಯಮೇವ ಜಯತೆ’ ಬೇರೆ ಭಾಷೆಗಳಿಗೆ ಡಬ್ ಆಗಿ ಪ್ರಸಾರವಾದಾಗಲೂ ಕನ್ನಡದ ವಾಹಿನಿಗಳಲ್ಲಿ ಬರಲಿಲ್ಲ. ಸ್ಪರ್ಧಾ ಆಯೋಗ ಈ ತಡೆಯನ್ನು ತಪ್ಪೆಂದು ಆದೇಶ ಕೊಟ್ಟದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಒಂದು ಪೀಳಿಗೆಯ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿಸಿದ್ದರು. ಖಾಸಗಿ ಕನ್ನಡ ವಾಹಿನಿಗಳು ಮಕ್ಕಳನ್ನು ಕರೆದವು, ನಿಜ. ಹಾಡಲು, ಕುಣಿಯಲು, ದೊಡ್ಡವರ ಹಾಗೆ ಮಾತನಾಡಿ ದೊಡ್ಡವರನ್ನು ನಗಿಸಲು ಕರೆದವು.

ಇಂಥ ಬರಗಾಲದಲ್ಲಿ ರಾತ್ರಿ ಊಟದ ಹೊತ್ತಿಗೆ ಒಬ್ಬ ಮನುಷ್ಯ ಶುದ್ಧವಾದ, ಆದರೆ ಬಿಗುವಿಲ್ಲದ ಕನ್ನಡದಲ್ಲಿ ಬಂದು, ಗ್ರಹಣದಿಂದ ಹಿಡಿದು ಗುಲ್ಮದವರೆಗೆ, ಹಂಪಿಯಿಂದ ಹಿಡಿದು ಹಾರ್ಮೋನಿನವರೆಗೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರು. ರಾಜಾ ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡಿದ್ದ ಬಡಾವಣೆ ಇದು. ಮಿಲ್ಲಿನ ಜಾಗದಲ್ಲಿ 2010ರಲ್ಲಿ ಮಂತ್ರಿ ಮಾಲ್ ತೆರೆಯಿತು, 2014ರಲ್ಲಿ ತಲೆಯ ಮೇಲೆ ಮೆಟ್ರೋ ಓಡಿತು. ಕೆಳಗಿನ ಓಣಿಗಳಲ್ಲಿ ಒಂದು ಕೋಣೆಯ ಮನೆಗಳು ಹಾಗೆಯೇ ಉಳಿದವು. ಪಠ್ಯಪುಸ್ತಕ ಮತ್ತು ದೇವರ ಪುಸ್ತಕ ಬಿಟ್ಟರೆ ಮೂರನೆಯದಿಲ್ಲದ ಮನೆಗಳೇ ಇಲ್ಲಿ ಹೆಚ್ಚು. ಮನೆಯಲ್ಲಿ ತಮಿಳೋ ತೆಲುಗೋ ದಖನಿ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡ ಬರೆಯುವ ಮಗುವಿಗೆ ಬೀದಿಯ ಕನ್ನಡ ಚೆನ್ನಾಗಿಯೇ ಗೊತ್ತಿರುತ್ತದೆ. ಯೋಚನೆ ಮಾಡುವ ಕನ್ನಡ, ಒಂದು ವಿಷಯವನ್ನು ಬಿಡಿಸಿ ಹೇಳುವ ಕನ್ನಡ ಅದರ ಕಿವಿಗೆ ಬೀಳುವುದು ಎಲ್ಲಿ? ಮೇಷ್ಟರು ಒಳ್ಳೆಯವರಾಗಿದ್ದರೆ ತರಗತಿಯಲ್ಲಿ. ಇಲ್ಲವಾದರೆ ಈ ಅರ್ಧ ಗಂಟೆಯಲ್ಲಿ.

ಈಗ ದೂರಿಗೆ ಬರೋಣ. ಕೇಳಿದ್ದನ್ನೇ ಕೇಳುತ್ತಾರೆ ಎಂಬ ಆಕ್ಷೇಪ ನನಗೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಕಂತಿಗೆ ಹತ್ತೇ ಪ್ರಶ್ನೆ ಎಂದು ಲೆಕ್ಕ ಹಿಡಿದರೂ 3,000 ಕಂತಿಗೆ 30,000 ಪ್ರಶ್ನೆಯಾಯಿತು. ಮರುಕಳಿಸದೆ ಇರಲು ಅದೇನು ಅಕ್ಷಯಪಾತ್ರೆಯೇ? ಅದಕ್ಕಿಂತ ಮುಖ್ಯವಾಗಿ, 2002ರಲ್ಲಿ ಹನ್ನೆರಡು ವರ್ಷದವನಾಗಿದ್ದು ಕೇಳಿದ ಪ್ರಶ್ನೆ ಇಂದು ಹನ್ನೆರಡು ವರ್ಷದವಳಿಗೆ ಹೊಸದೇ. ಪ್ರಶ್ನೆ ಹಳತಾಯಿತು ಎನ್ನುವವರು ತಮಗೆ ವಯಸ್ಸಾದದ್ದನ್ನು ಕಾರ್ಯಕ್ರಮದ ಲೆಕ್ಕಕ್ಕೆ ಬರೆಯುತ್ತಿದ್ದಾರೆ.

ಆದರೆ ದೂರಿನಲ್ಲಿ ಇನ್ನೊಂದು ಅಂಶವಿದೆ, ಅದು ನಿಜ. ಈ ಕಾರ್ಯಕ್ರಮದಲ್ಲಿ ಮೂರು ಭಾಗಗಳಿವೆ: ಪ್ರಶ್ನೆ, ವಿವರಣೆ, ಪುಸ್ತಕ. ಮೂರಕ್ಕೂ 2002ರಲ್ಲಿ ಇದ್ದ ಬೆಲೆ ಈಗ ಇಲ್ಲ. ಒಂದರದ್ದು ಇಳಿದಿದೆ, ಎರಡರದ್ದು ಏರಿದೆ. ಇಳಿದದ್ದು ಪ್ರಶ್ನೆಯದು. ಕನ್ನಡದ ಮೊದಲ ಗದ್ಯಕೃತಿ ಯಾವುದು, ಯಾವ ನದಿ ಎಲ್ಲಿ ಹುಟ್ಟುತ್ತದೆ, ಯಾವ ವರ್ಷ ಯಾರಿಗೆ ಜ್ಞಾನಪೀಠ ಎಂಬ ಜಾತಿಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ಆಗ ಒಂದು ಆಸ್ತಿ. ಈಗ ಅದು ಎಲ್ಲರ ಜೇಬಿನ ಫೋನಿನಲ್ಲಿದೆ. ಹೀಗಿರುವಾಗ ‘ಥಟ್’ ಎಂಬುದಕ್ಕೇ ಅರ್ಥ ತೆಳುವಾಗುತ್ತದೆ. ಜೊತೆಗೆ ಈ ಜಾತಿಯ ಪ್ರಶ್ನೆಗೆ ಇನ್ನೊಬ್ಬ ಗಿರಾಕಿಯೂ ಸಿಕ್ಕಿದ್ದಾನೆ. ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ ಪರೀಕ್ಷೆಗಳಿಗೆ ವಿಜಯನಗರದಲ್ಲೋ ಧಾರವಾಡದಲ್ಲೋ ಕೋಚಿಂಗಿಗೆ ಹೋಗುವ, ಅಥವಾ ಹೋಗಲು ದುಡ್ಡಿಲ್ಲದ, ಸಾವಿರಾರು ಯುವಕ ಯುವತಿಯರಿಗೆ ಇದು ಪುಕ್ಕಟೆ ಕೋಚಿಂಗ್ ಆಯಿತು. ಅವರಿಗೆ ಬೇಕಾದದ್ದು ಇಸವಿ, ಹೆಸರು, ಮೊದಲನೆಯದು, ಅತಿ ಉದ್ದದ್ದು. ಅವರ ಅಗತ್ಯ ಅಗ್ಗದ್ದಲ್ಲ, ನೌಕರಿಯ ಪ್ರಶ್ನೆ. ಆದರೆ ಗೈಡು ಪುಸ್ತಕದ ಧಾಟಿ ನಿಧಾನವಾಗಿ ಕಾರ್ಯಕ್ರಮದೊಳಕ್ಕೆ ಇಳಿದಾಗ ಹನ್ನೆರಡು ವರ್ಷದ ಮಗು ಹಿಂದಕ್ಕೆ ಸರಿಯುತ್ತದೆ. ಗುಣಮಟ್ಟ ಕುಸಿದಿದ್ದರೆ ಅದು ಕುಸಿದಿರುವುದು ಇಲ್ಲಿ.

ಏರಿದ್ದು ವಿವರಣೆಯ ಬೆಲೆ. ಉತ್ತರ ಬಂದ ಮೇಲೆ ಸೋಮೇಶ್ವರರು ಅರ್ಧ ನಿಮಿಷ, ಒಂದು ನಿಮಿಷ ಮಾತನಾಡುತ್ತಾರಲ್ಲ, ನನ್ನ ಮಟ್ಟಿಗೆ ಕಾರ್ಯಕ್ರಮ ಇರುವುದೇ ಅಲ್ಲಿ. ಉತ್ತರ ತಪ್ಪಿದವರನ್ನು ಅವರು ಗೇಲಿ ಮಾಡುವುದಿಲ್ಲ. ದೇಹದ ವಿಷಯ ಬಂದಾಗ ವೈದ್ಯರ ಖಚಿತತೆ, ಪದದ ವಿಷಯ ಬಂದಾಗ ಪದದ ಬೇರನ್ನು ಹಿಡಿದು ಎಳೆಯುವ ಉತ್ಸಾಹ. ಫೋನು ಉತ್ತರ ಕೊಡುತ್ತದೆ, ಒಂದು ಉತ್ತರದಿಂದ ಇನ್ನೊಂದಕ್ಕೆ ದಾರಿ ಹೇಗೆ ಎಂದು ಮಗುವಿನ ಮುಖ ನೋಡಿ ಹೇಳುವುದಿಲ್ಲ. ಆ ಅರ್ಧ ನಿಮಿಷ ಮೂರು ನಿಮಿಷವಾಗಬೇಕಿತ್ತು. ಪ್ರಶ್ನೆಗಳು ಅರ್ಧಕ್ಕಿಳಿದರೂ ನಷ್ಟವಿರಲಿಲ್ಲ. ಆಗಿಲ್ಲ, ಮುಂದಿನ ಪ್ರಶ್ನೆಗೆ ಓಡುವ ಅವಸರ ಇದೆ, ಏಕೆಂದರೆ ಹೆಸರಿನಲ್ಲೇ ಅವಸರ ಇದೆ. ಒಂದು ಕಾರ್ಯಕ್ರಮ ತನ್ನ ಹೆಸರಿಗೆ ಇಷ್ಟು ವಿಧೇಯವಾಗಿರಬೇಕಿಲ್ಲ.

ಇನ್ನು, ಪ್ರಶ್ನೆ ಯಾರ ತಿಳಿವಳಿಕೆಯನ್ನು ತಿಳಿವಳಿಕೆ ಎಂದು ಹಿಡಿಯುತ್ತದೆ ಎಂಬುದು. ನಾನು ನೋಡಿದಷ್ಟರಲ್ಲಿ ಕಾರ್ಯಕ್ರಮದ ಕನ್ನಡ ಬಹುಮಟ್ಟಿಗೆ ಪುಸ್ತಕದ ಕನ್ನಡ: ಪಂಪ, ರನ್ನ, ದಾಸರು, ಒಡೆಯರು, ನವೋದಯದ ಕವಿಗಳು. ಇವರೆಲ್ಲ ಬೇಕು, ಅನುಮಾನವಿಲ್ಲ. ಆದರೆ ಓಣಿಯ ಮಗುವಿಗೆ ಈಗಾಗಲೇ ಗೊತ್ತಿರುವುದರಿಂದ ಅದೇ ಪಂಪನ ಹತ್ತಿರ ಹೋಗುವ ದಾರಿಯೊಂದಿದೆ. ಹಳಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹೂವು ‘ಪೂ’. ಕನ್ನಡ ಮಾತೃಭಾಷೆಯ ಮಗು ಇದನ್ನು ಬಾಯಿಪಾಠ ಮಾಡಬೇಕು. ಶ್ರೀರಾಂಪುರದ ತಮಿಳು ಮನೆಯ ಮಗು ಬೆಳಗಾದರೆ ‘ಪಾಲ್’ ತರಲು ಬೂತಿಗೆ ಹೋಗುತ್ತದೆ, ತೆಲುಗು ಮನೆಯ ಮಗು ‘ಪಾಲು’ ಎನ್ನುತ್ತದೆ. ಕನ್ನಡದ ‘ಪ’ ಕಾಲಾಂತರದಲ್ಲಿ ‘ಹ’ ಆಯಿತು, ನೆರೆಯ ನುಡಿಗಳಲ್ಲಿ ಹಾಗೆಯೇ ಉಳಿಯಿತು ಎಂದು ಒಂದು ನಿಮಿಷದಲ್ಲಿ ಹೇಳಿದರೆ, ಕನ್ನಡ ತಮ್ಮದಲ್ಲ ಎಂದು ಹಿಂದಿನ ಬೆಂಚಿನಲ್ಲಿ ಕೂತ ಮಕ್ಕಳೇ ಹಳಗನ್ನಡಕ್ಕೆ ಹತ್ತಿರದವರಾಗಿ ಎದ್ದು ನಿಲ್ಲುತ್ತಾರೆ. ಹಾಗೆಯೇ ತರಗತಿಯೊಳಗಿನ ‘ಕಾಗದ’, ‘ಕುರ್ಚಿ’, ‘ಹಾಜರಿ’, ‘ಖಾಲಿ’ ಎಂಬ ಪದಗಳು ಎಲ್ಲಿಂದ ಬಂದವು ಎಂದು ಕೇಳಿ ನೋಡಿ. ಅರಬಿ, ಫಾರಸಿಯಿಂದ ಬಂದ ಈ ಪದಗಳನ್ನು ಉರ್ದು ಮನೆಯ ಹುಡುಗಿ ಯಾರಿಗಿಂತಲೂ ಮೊದಲು ಗುರುತಿಸುತ್ತಾಳೆ. ‘ಥಟ್ ಅಂತ’ ಹೇಳುವ ಸರದಿ ಅವಳದಾಗುತ್ತದೆ. ಇಂಥ ಪ್ರಶ್ನೆ ಅಲ್ಲಿ ಒಮ್ಮೆಯೂ ಬಂದಿಲ್ಲ ಎನ್ನಲಾರೆ, ಇದು ಕಾರ್ಯಕ್ರಮದ ಸ್ವಭಾವವಾಗಲಿಲ್ಲ ಎನ್ನುವುದಷ್ಟೇ ನನ್ನ ತಕರಾರು. (‘ತಕರಾರು’ ಕೂಡ ಅಲ್ಲಿಯದೇ!)

ಬೀದಿಯ ಮಗುವನ್ನು ಮುಂದಿಟ್ಟುಕೊಂಡೇ ಹುಟ್ಟಿದ ಕಾರ್ಯಕ್ರಮವೊಂದು ಅಮೆರಿಕದಲ್ಲಿದೆ. ಅಲ್ಲಿಯೂ ಇದೇ ದೂರು ದಶಕಗಳಿಂದ ಇರುವುದರಿಂದ ಅದನ್ನು ಇಲ್ಲಿ ನೆನೆಯಬೇಕು. 1969ರ ನವೆಂಬರ್ 10ರಂದು ಶುರುವಾದ ‘ಸೆಸಮಿ ಸ್ಟ್ರೀಟ್’ ನಡೆಯುವುದು ನ್ಯೂಯಾರ್ಕಿನ ಒಂದು ಸಾಧಾರಣ ಬೀದಿಯಲ್ಲಿ: ಮನೆ ಮುಂದಿನ ಮೆಟ್ಟಿಲು, ಮೂಲೆಯಂಗಡಿ, ಕಸದ ಡಬ್ಬಿ, ಆ ಡಬ್ಬಿಯೊಳಗೇ ವಾಸಿಸುವ ಒಬ್ಬ ಸಿಡುಕ. ಜೋನ್ ಗಾಂಜ್ ಕೂನಿ ಮತ್ತು ಅವರ ಜೊತೆಗಾರರು ಬಾಲವಾಡಿಗೆ ಹೋಗಲಾರದ ಬಡ ಮಕ್ಕಳಿಗೆಂದು ಅದನ್ನು ಕಟ್ಟಿದರು, ಪ್ರತಿ ತುಣುಕನ್ನೂ ಮಕ್ಕಳ ಮುಂದಿಟ್ಟು ಅವರ ಕಣ್ಣು ಎಲ್ಲಿ ಅತ್ತಿತ್ತ ಹೋಗುತ್ತದೆಂದು ನೋಡಿ ತಿದ್ದಿದರು. ಅಂಗಡಿಯ ಹೂಪರ್ ತಾತನ ಪಾತ್ರ ಮಾಡುತ್ತಿದ್ದ ನಟ ತೀರಿಕೊಂಡಾಗ, ಬೇರೊಬ್ಬರನ್ನು ತಂದು ಕೂರಿಸದೆ, 1983ರಲ್ಲಿ ತಾತ ಸತ್ತಿದ್ದಾನೆ, ಇನ್ನು ಬರುವುದಿಲ್ಲ ಎಂದು ಮಕ್ಕಳಿಗೆ ನೇರವಾಗಿ ಹೇಳಿದ ಧೈರ್ಯ ಅದರದು. 1998ರಿಂದ ಎಲ್ಮೋ ಎಂಬ ಕೆಂಪು ಗೊಂಬೆಗೆ ಪ್ರತ್ಯೇಕ ಭಾಗವೇ ಸಿಕ್ಕಿತು. ಬೀದಿ ಹಿಂದೆ ಸರಿದು ಗೊಂಬೆ ಮುಂದೆ ಬಂತು ಎಂದು ಹಳಬರು ಮುನಿಸಿಕೊಂಡರು. ಗೊಂಬೆಯ ಬಗ್ಗೆ ನನಗೆ ತಕರಾರಿಲ್ಲ, ಚಿಕ್ಕ ಮಕ್ಕಳಿಗೆ ಅದು ಬೇಕಿತ್ತು. ತಕರಾರಿರುವುದು 2016ರ ಬಗ್ಗೆ. ಹಣದ ಅಡಚಣೆಯಿಂದ ಅದು ಚಂದಾ ಕಟ್ಟುವವರ ವಾಹಿನಿಯಾದ ಎಚ್‌ಬಿಒ ಜೊತೆ ಒಪ್ಪಂದ ಮಾಡಿಕೊಂಡಿತು. ಒಂದು ಗಂಟೆಯ ಕಾರ್ಯಕ್ರಮ ಅರ್ಧ ಗಂಟೆಯಾಯಿತು. ಹೊಸ ಕಂತು ಮೊದಲು ಚಂದಾ ಕಟ್ಟಿದ ಮನೆಗಳಿಗೆ, ಒಂಬತ್ತು ತಿಂಗಳು ಕಳೆದ ಮೇಲೆ ಉಳಿದ ಮಕ್ಕಳಿಗೆ. ಯಾವ ಬೀದಿಗಾಗಿ ಹುಟ್ಟಿತೋ ಆ ಬೀದಿ ಸಾಲಿನಲ್ಲಿ ಹಿಂದೆ ನಿಂತಿತು. ಇದನ್ನು ಗುಣಮಟ್ಟದ ಕುಸಿತ ಎನ್ನದೆ ಇನ್ನೇನು ಅನ್ನಬೇಕು? ತುಣುಕುಗಳು ಎಷ್ಟೇ ಚೆನ್ನಾಗಿರಲಿ.

ಅದರ ಭಾರತೀಯ ರೂಪ ‘ಗಲಿ ಗಲಿ ಸಿಮ್ ಸಿಮ್’ 2006ರಲ್ಲಿ ಹಿಂದಿಯಲ್ಲಿ ಬಂತು. ಅದರ ಗಲ್ಲಿಯಲ್ಲಿ ಬಾಷಾ ಭಾಯಿಜಾನನ ಅಂಗಡಿಯಿತ್ತು. ಯಾವ ಕೋಮಿನ ಪ್ರತಿನಿಧಿಯಾಗಿಯೂ ಅಲ್ಲ, ಎಲ್ಲ ಮಕ್ಕಳೂ ಹೋಗುವ ಅಂಗಡಿಯ ಯಜಮಾನನಾಗಿ. ಶ್ರೀರಾಂಪುರದಂಥ ಗಲ್ಲಿಯನ್ನು ಕನ್ನಡದಲ್ಲಿ ಕಟ್ಟಿ ಮಕ್ಕಳಿಗೆ ತೋರಿಸಲು ದೂರದರ್ಶನಕ್ಕೆ ಬೇಕಾಗಿದ್ದದ್ದು ಒಂದು ಸೆಟ್ಟು, ನಾಲ್ಕು ಗೊಂಬೆ.

ಈ ಹಿನ್ನೆಲೆಯಲ್ಲಿ ‘ಥಟ್ ಅಂತ ಹೇಳಿ’ಯ ಪುಸ್ತಕದ ಬಹುಮಾನವನ್ನು ನೋಡಬೇಕು. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಒಂದು ಕೋಟಿಯ ಆಸೆಯೊಂದಿಗೆ, ಪುನೀತ್ ರಾಜ್‌ಕುಮಾರರ ನಗುವಿನೊಂದಿಗೆ ಬಂದಾಗ ಚಂದನದ ಪುಸ್ತಕಗಳನ್ನು ಇನ್ನು ಯಾರು ಮುಟ್ಟುತ್ತಾರೆ ಎನಿಸಿತ್ತು. ಕೋಟಿ ಬಂತು, ಹೋಯಿತು, ವಾಹಿನಿ ಬದಲಿಸಿ ಮತ್ತೆ ಬಂತು. ಪುಸ್ತಕ ತನ್ನ ಪಾಡಿಗೆ ನಡೆಯಿತು. ಉತ್ತರ ಗೊತ್ತಿದ್ದವರಿಗೆ ಪ್ರತಿಫಲವಾಗಿ ಇನ್ನಷ್ಟು ಓದು ಎಂಬ ಈ ಕಲ್ಪನೆಯಷ್ಟು ಸಭ್ಯವಾದದ್ದು ನಮ್ಮ ಟಿ.ವಿ.ಯಲ್ಲಿ ಬೇರೆ ಇಲ್ಲ. ಆದರೂ ಕೇಳಬೇಕಾದದ್ದು: ಆ ಪುಸ್ತಕ ಸೇರುವುದು ಯಾರ ಮನೆಯನ್ನು? ಸ್ಟುಡಿಯೋದವರೆಗೆ ಹೋಗಬಲ್ಲ ಮೂವರ ಮನೆಯನ್ನು. ಉಳಿದ ಮಕ್ಕಳು ಮುಖಪುಟವನ್ನು ಪರದೆಯಲ್ಲಿ ನೋಡುತ್ತಾರೆ. ಮರುದಿನ ಅದನ್ನು ಹುಡುಕಿಕೊಂಡು ಹೋಗಲು ಹತ್ತಿರದಲ್ಲಿ ಸಾರ್ವಜನಿಕ ಗ್ರಂಥಾಲಯ ಇರಬೇಕು, ಅದು ಶಾಲೆ ಬಿಟ್ಟ ಮೇಲೆ ತೆರೆದಿರಬೇಕು, ಅಲ್ಲಿ ಆ ಪುಸ್ತಕವಿರಬೇಕು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಬೆಂಗಳೂರಿನವರು ಕಟ್ಟುತ್ತಲೇ ಬಂದಿದ್ದೇವೆ. ಟಿ.ವಿ.ಯಲ್ಲಿ ತೋರಿಸಿದ ಪುಸ್ತಕಗಳ ಪಟ್ಟಿ ಪ್ರತಿ ತಿಂಗಳು ಬಡಾವಣೆಯ ಗ್ರಂಥಾಲಯಕ್ಕೆ ಹೋಗುವ ಏರ್ಪಾಡನ್ನು ಇಷ್ಟು ವರ್ಷಗಳಲ್ಲಿ ಒಂದು ಸರ್ಕಾರಿ ಇಲಾಖೆ ಇನ್ನೊಂದಕ್ಕೆ ಸೂಚಿಸಬಹುದಿತ್ತು.

ಹೀಗಾಗಿ ನನ್ನ ಅಸಮಾಧಾನ ನಿರೂಪಕರಿಗಿಂತ ಸಂಸ್ಥೆಯ ಮೇಲೆ ಹೆಚ್ಚು. ಒಂದು ಕಾರ್ಯಕ್ರಮ ಗೆದ್ದಾಗ ಅದರ ಪಕ್ಕದಲ್ಲಿ ಇನ್ನೊಂದನ್ನು ನೆಡುವುದು ಬಿಟ್ಟು, ಇದ್ದ ಒಂದರ ಮೇಲೆಯೇ ದೂರದರ್ಶನ ಇಡೀ ಭಾರ ಹಾಕಿತು. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಅದೇ, ಕೆಎಎಸ್ ಬರೆಯುವವರಿಗೂ ಅದೇ, ಪಿಂಚಣಿದಾರರಿಗೂ ಅದೇ. ಇದರ ಫಲ ಗೊತ್ತಾದದ್ದು 2020ರಲ್ಲಿ. ಕೋವಿಡ್‌ನಿಂದ ಶಾಲೆಗಳು ಮುಚ್ಚಿ, ಸ್ಮಾರ್ಟ್‌ಫೋನಿಲ್ಲದ ಮಕ್ಕಳಿಗೆ ಪಾಠ ತಲುಪಿಸಲು ಶಿಕ್ಷಣ ಇಲಾಖೆ ಚಂದನದ ಮೊರೆ ಹೋಯಿತು. ಮೇಷ್ಟರುಗಳು ಶ್ರದ್ಧೆಯಿಂದ ಪಾಠ ಮಾಡಿದರು, ಅವರನ್ನು ಅನ್ನುವಂತಿಲ್ಲ. ಆದರೆ ಕ್ಯಾಮೆರಾ ಮುಂದೆ ತರಗತಿಯನ್ನೇ ತಂದಿಟ್ಟಾಗಿತ್ತು. 1975ರಲ್ಲಿ ಹಳ್ಳಿಯ ಮಕ್ಕಳಿಗೆ 22½ ನಿಮಿಷ ಮೀಸಲಿಟ್ಟ ದೇಶ, ಟಿ.ವಿ.ಯಲ್ಲಿ ಮಗುವಿನ ಜೊತೆ ಮಾತನಾಡುವ ವಿದ್ಯೆಯನ್ನು ಕನ್ನಡದಲ್ಲಿ ಬೆಳೆಸಿಕೊಂಡಿರಲಿಲ್ಲ. ಇದರ ಹಿಂದೆಯೇ ದೂರದರ್ಶನದ ಹಳೆಯ ಭೂಪ್ರಸಾರಕಗಳನ್ನು ದೇಶದಾದ್ಯಂತ ಒಂದೊಂದಾಗಿ ನಿಲ್ಲಿಸಲಾಯಿತು. ಮಾಳಿಗೆಯ ಮೇಲಿನ ಆಂಟೆನಾಕ್ಕೆ ಪುಕ್ಕಟೆಯಾಗಿ ಸಿಗುತ್ತಿದ್ದ ಚಂದನಕ್ಕೆ ಈಗ ಕೇಬಲ್ಲೋ ಡಿಶ್ಶೋ ಬೇಕು, ಇಲ್ಲವೇ ಫೋನಿಗೆ ಡೇಟಾ ಬೇಕು.

ಯೂಟ್ಯೂಬಿನಲ್ಲಿ ಹಳೆಯ ಕಂತುಗಳು ಸಿಗುತ್ತವೆ ಎಂಬುದು ಸಮಾಧಾನದ ಮಾತು. ಅಲ್ಲಿ ಹಿಂದಿನದನ್ನೂ ಈಚಿನದನ್ನೂ ಅಕ್ಕಪಕ್ಕ ಇಟ್ಟು ಯಾರು ಬೇಕಾದರೂ ಹೋಲಿಸಬಹುದು. ಹೋಲಿಸುವಾಗ ಪ್ರಶ್ನೆಗಳನ್ನು ಎಣಿಸುವ ಬದಲು, ಉತ್ತರ ಬಂದ ಮೇಲೆ ಎಷ್ಟು ಹೊತ್ತು ಮಾತು ನಡೆಯಿತು, ಮೂರು ಕುರ್ಚಿಗಳಲ್ಲಿ ಎಷ್ಟು ಸಲ ಶಾಲಾ ಸಮವಸ್ತ್ರ ಕಂಡಿತು ಎಂದು ನೋಡಿ. ಶ್ರೀರಾಂಪುರ, ಓಕಳೀಪುರ, ಚಾಮರಾಜಪೇಟೆಗಳ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಂದ ವಾರಕ್ಕೆ ಮೂವರು ಮಕ್ಕಳನ್ನು ಆ ಕುರ್ಚಿಗಳಲ್ಲಿ ಕೂರಿಸಲು ದೂರದರ್ಶನಕ್ಕೆ ಹೊಸ ಅನುದಾನವೇನೂ ಬೇಡ; ದೂರದರ್ಶನ ಕೇಂದ್ರಕ್ಕೆ ಇಲ್ಲಿಂದ ಬಿಎಂಟಿಸಿ ಬಸ್ಸುಗಳಿವೆ. ವಾರಕ್ಕೊಂದು ಸಂಜೆ, ಐದೇ ಪ್ರಶ್ನೆ, ಉಳಿದ ಹೊತ್ತೆಲ್ಲ ವಿವರಣೆ. ಅದನ್ನು ಸೋಮೇಶ್ವರರೇ ನಡೆಸುವುದಾದರೆ ಇನ್ನೂ ಒಳ್ಳೆಯದು. ಅವರ ಪಕ್ಕದಲ್ಲಿ ಕೂತು ಕಲಿಯುವ ಎಳೆಯರೊಬ್ಬರಿಗೂ ಅಲ್ಲಿ ಒಂದು ಕುರ್ಚಿ ಹಾಕಬೇಕು.